ಮುಸುಕಿನೊಳಗಿನ ದೇವರು

ಮೊದಲ ನೋಟಕ್ಕೆ ಅವನೊಬ್ಬ ಸಾಧಾರಣ ದಾರಿಹೋಕ. ಚಳಿಗೂ ಮಳೆಗೂ ಆಗಿ ಬರುವಂಥ ದಪ್ಪ ನಿಲುವಂಗಿ ತೊಟ್ಟು, ಅದರ ಮುಸುಕನ್ನು ತಲೆಯ ಮೇಲೆ ಎಳೆದುಕೊಂಡು, ಯಾರನ್ನೋ ಕಾಯುತ್ತಿರುವವನ ಹಾಗೆ ನಿಂತಿದ್ದಾನೆ. ಸಂತೆಗೆ ಹೊರಟ ರೈತ ಎಂದರೂ ನಡೆದೀತು. ಕಂಚಿನಲ್ಲಿ ಎರಕ ಹೊಯ್ದ ಪುಟ್ಟ ಗೊಂಬೆ ಇದು. ವಯಸ್ಸು ಮಾತ್ರ ಸುಮಾರು ಸಾವಿರದ ಒಂಬೈನೂರು ವರ್ಷ.

ಆದರೆ ಈ ಗೊಂಬೆ ಒಂದೇ ತುಂಡಲ್ಲ. ತಲೆ ಮತ್ತು ನಿಲುವಂಗಿ ಸೇರಿದ ಮೇಲ್ಭಾಗ ಒಂದು ಮುಚ್ಚಳ. ಅದನ್ನು ಮೆಲ್ಲಗೆ ಎತ್ತಿದರೆ ಒಳಗೆ ಮನುಷ್ಯನ ಮೈ ಇಲ್ಲ. ಎರಡು ಕಾಲುಗಳ ಮೇಲೆ ನೆಟ್ಟಗೆ ನಿಂತ, ದೊಡ್ಡದೊಂದು ಪುರುಷ ಜನನಾಂಗ ಇದೆ. ದಾರಿಹೋಕನೆಂದು ಕಂಡವನು ದೇವರು. ಹೆಸರು ಪ್ರಿಯಾಪಸ್. ತೋಟಗಳಿಗೆ, ದ್ರಾಕ್ಷಿ ಬಳ್ಳಿಗಳಿಗೆ, ಕುರಿ ಮೇಕೆಗಳಿಗೆ, ಜೇನಿಗೆ ಫಲ ಕೊಡುವವನು, ಅವುಗಳನ್ನು ಕಾಯುವವನು ಎಂದು ರೋಮನರು ನಂಬಿದ್ದ ದೇವತೆ.

ಮಕ್ಕಳ ಕೈಹಿಡಿದು ವಸ್ತುಸಂಗ್ರಹಾಲಯಕ್ಕೆ ಬಂದ ತಂದೆತಾಯಿಗಳು ಇಂಥ ಗೊಂಬೆಯ ಎದುರು ಏನು ಮಾಡುತ್ತಾರೆಂದು ಊಹಿಸುವುದು ಕಷ್ಟವಲ್ಲ. ಹೆಜ್ಜೆ ಚುರುಕಾಗುತ್ತದೆ. ‘ಅಲ್ಲಿ ನೋಡು, ಕತ್ತಿ ಗುರಾಣಿ ಇವೆ’ ಎಂದು ಮಗುವಿನ ಮುಖವನ್ನು ಬೇರೆ ಕಡೆ ತಿರುಗಿಸಲಾಗುತ್ತದೆ. ಮನುಷ್ಯರನ್ನು ಕೊಲ್ಲುವ ಕತ್ತಿಯನ್ನು ತೋರಿಸಲು ಯಾರಿಗೂ ಸಂಕೋಚವಿಲ್ಲ ಎಂಬುದು ಬೇರೆ ಮಾತು. ವಿಚಿತ್ರವೆಂದರೆ, ಈ ಗೊಂಬೆಯ ಕಾಲದ ತಂದೆತಾಯಿಗಳು ಇದೇ ಆಕಾರದ ತಾಯತವನ್ನು ತಮ್ಮ ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರು. ಅಂದು ಮಗುವನ್ನು ಕಾಯುವ ವಸ್ತುವಾಗಿದ್ದದ್ದು ಇಂದು ಮಗುವಿನಿಂದ ಬಚ್ಚಿಡಬೇಕಾದ ವಸ್ತುವಾದದ್ದು ಹೇಗೆ?

ತೋಟದೂರಿನಲ್ಲಿ ತೋಟದ ದೇವರು

ಗೊಂಬೆ ಸಿಕ್ಕಿದ್ದು 1771ರಲ್ಲಿ, ಉತ್ತರ ಫ್ರಾನ್ಸಿನ ಆಮಿಯೆ ನಗರಕ್ಕೆ ಅಂಟಿಕೊಂಡಿರುವ ರಿವೆರಿ ಎಂಬ ಊರಿನಲ್ಲಿ. ಆ ಸೀಮೆಗೆ ಆಗ ಪಿಕಾರ್ಡಿ ಎಂದು ಹೆಸರು. ರೋಮನರ ಕಾಲದಲ್ಲಿ ಆಮಿಯೆಯ ಹೆಸರು ಸಮರೋಬ್ರಿವ, ಅಂದರೆ ಸಮರ ನದಿಯ ಸೇತುವೆ. ಆ ‘ಸಮರ’ವೇ ಇಂದಿನ ಸೋಮ್ ನದಿ. ಕ್ರಿ.ಪೂ. 54ರಲ್ಲಿ ಜೂಲಿಯಸ್ ಸೀಸರ್ ತನ್ನ ದಂಡಿನೊಡನೆ ಚಳಿಗಾಲ ಕಳೆದದ್ದು ಇಲ್ಲೇ. ಗಾಲ್ ಜನರ ನಾಡು ರೋಮ್ ಸಾಮ್ರಾಜ್ಯಕ್ಕೆ ಸೇರಿದ ಮೇಲೆ ಸೇತುವೆಯ ಊರು ದೊಡ್ಡ ಪಟ್ಟಣವಾಯಿತು. ರಂಗಮಂಟಪ, ಸ್ನಾನಗೃಹ ಎಲ್ಲ ಬಂದವು. ಅವುಗಳ ಜೊತೆಗೆ ರೋಮನ್ ದೇವರುಗಳೂ ಬಂದರು.

ರಿವೆರಿಯ ಇನ್ನೊಂದು ವಿಶೇಷವನ್ನು ಹೇಳಲೇಬೇಕು. ಸೋಮ್ ನದಿ ಇಲ್ಲಿ ನೂರಾರು ಕವಲಾಗಿ ಜೌಗುನೆಲದಲ್ಲಿ ಹರಡಿಕೊಂಡಿದೆ. ಆ ಕವಲುಗಳ ನಡುವಿನ ಕಪ್ಪು ಮಣ್ಣಿನ ನಡುಗಡ್ಡೆಗಳಲ್ಲಿ ತಲೆಮಾರುಗಳಿಂದ ತರಕಾರಿ ಬೆಳೆಯುತ್ತಾರೆ. ಸುಮಾರು 300 ಹೆಕ್ಟೇರು ತೋಟ, ಅದರ ನಡುವೆ ಸುಮಾರು 65 ಕಿಲೋಮೀಟರು ಕಾಲುವೆ. ಚಪ್ಪಟೆ ತಳದ ದೋಣಿಗಳಲ್ಲಿ ಕೋಸು, ಮೂಲಂಗಿ, ಈರುಳ್ಳಿ ಹೇರಿಕೊಂಡು ರೈತರು ನೀರಿನ ಸಂತೆಗೆ ಬರುತ್ತಿದ್ದರು. ಈ ರೈತರನ್ನು ಕರೆಯುವ ‘ಒರ್ತಿಯೋನ್’ ಎಂಬ ಮಾತು ತೋಟ ಎಂಬರ್ಥದ ‘ಹೋರ್ಟಸ್’ ಎಂಬ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮ ವಿದ್ಯಾರ್ಥಿಗಳು ಓದುವ ‘ಹಾರ್ಟಿಕಲ್ಚರ್’ನ ಬೇರೂ ಅದೇ. ಈ ತೋಟಗಳು ರೋಮನರ ಕಾಲದಿಂದಲೂ ಇವೆಯೆಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಲಿಖಿತ ದಾಖಲೆಗಳು ಮಾತ್ರ ಮಧ್ಯಯುಗಕ್ಕಿಂತ ಹಿಂದೆ ಹೋಗುವುದಿಲ್ಲ. ಅದೇನೇ ಇರಲಿ, ತೋಟ ಕಾಯುವ ದೇವರು ತೋಟದೂರಿನ ಮಣ್ಣಿನಲ್ಲೇ ಸಿಕ್ಕ ಎಂಬುದು ಸೊಗಸಾದ ಕಾಕತಾಳೀಯ.

ಗೊಂಬೆ ಈಗ ಆಮಿಯೆಯ ಪಿಕಾರ್ಡಿ ವಸ್ತುಸಂಗ್ರಹಾಲಯದಲ್ಲಿದೆ. ವಸ್ತುಸಂಗ್ರಹಾಲಯಕ್ಕೆಂದೇ 19ನೇ ಶತಮಾನದಲ್ಲಿ ಕಟ್ಟಿಸಿದ, ಅರಮನೆಯಂಥ ಕಟ್ಟಡ. 2020ರಲ್ಲಿ ನವೀಕರಣಗೊಂಡು ಮತ್ತೆ ತೆರೆಯಿತು.

ಬೆಂಚೋ ದೇವರೋ?

ಪ್ರಿಯಾಪಸ್ ಮೂಲತಃ ರೋಮಿನವನಲ್ಲ. ಏಷ್ಯಾ ಮತ್ತು ಯೂರೋಪನ್ನು ಬೇರ್ಪಡಿಸುವ ಕಿರಿದಾದ ಜಲಸಂಧಿಯ ದಡದ ಲಾಂಪ್ಸಕಸ್ ಎಂಬ ಗ್ರೀಕ್ ಪಟ್ಟಣ ಅವನ ತವರು. ಇಂದು ಅದು ತುರ್ಕಿಯ ಲಾಪ್ಸೆಕಿ. ಪ್ರೇಮದೇವತೆ ಅಫ್ರೋಡೈಟಿ ಮತ್ತು ದ್ರಾಕ್ಷಾರಸದ ದೇವರು ಡಯೋನಿಸಸ್ ಇವನ ತಾಯಿತಂದೆ ಎಂದು ಒಂದು ಕಥೆ. ಹೊಟ್ಟೆಕಿಚ್ಚಿನ ಹೀರಾ ದೇವಿ ಬಸುರಿಗೆ ಶಾಪ ಕೊಟ್ಟಳಂತೆ. ಕೂಸು ವಿಕಾರವಾಗಿ ಹುಟ್ಟಿತಂತೆ. ಹೆತ್ತ ತಾಯಿಯೇ ಬಿಟ್ಟುಹೋದ ಅದನ್ನು ಕುರುಬರು ಸಾಕಿದರಂತೆ. ಒಲಿಂಪಸ್ ಬೆಟ್ಟದ ದೊಡ್ಡ ದೇವರುಗಳ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದವರಿಲ್ಲ. ರೈತರು, ಕುರುಬರು, ಬೆಸ್ತರು, ಇವರೇ ಅವನ ಭಕ್ತರು.

ಅವನ ಪೂಜೆಯಲ್ಲಿ ಕತ್ತೆಯ ಬಲಿಗೆ ವಿಶೇಷ ಸ್ಥಾನ. ಕಾರಣವನ್ನು ರೋಮನ್ ಕವಿ ಓವಿಡ್ ಹೇಳುತ್ತಾನೆ. ಒಂದು ಹಬ್ಬದ ರಾತ್ರಿ ಎಲ್ಲರೂ ಮಲಗಿದ್ದಾಗ ಪ್ರಿಯಾಪಸ್ ಕೆಟ್ಟ ಬುದ್ಧಿಯಿಂದ ಲೋಟಿಸ್ ಎಂಬ ಅಪ್ಸರೆಯ ಬಳಿ ಸದ್ದಿಲ್ಲದೆ ಸರಿಯುತ್ತಾನೆ. ಅಷ್ಟರಲ್ಲಿ ಒಂದು ಕತ್ತೆ ಜೋರಾಗಿ ಅರಚಿಬಿಡುತ್ತದೆ. ಅಪ್ಸರೆ ಎಚ್ಚೆತ್ತು ಓಡುತ್ತಾಳೆ. ಬೆಳದಿಂಗಳಲ್ಲಿ ಸಿಕ್ಕಿಬಿದ್ದ ದೇವರನ್ನು ಕಂಡು ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮಾನ ಉಳಿಸಿದ ಕತ್ತೆಗೆ ಸಿಕ್ಕಿದ್ದು ಕತ್ತಿಯ ಏಟು! ನ್ಯಾಯವೇನೂ ಅಲ್ಲ. ಆದರೆ ಈ ದೇವರ ಸ್ವಭಾವ ಈ ಕಥೆಯಲ್ಲಿ ಚೆನ್ನಾಗಿ ಸಿಗುತ್ತದೆ. ರೋಮನರು ಅವನನ್ನು ಬೇಡಿಕೊಳ್ಳುತ್ತಿದ್ದರು, ಹೆದರುತ್ತಿದ್ದರು, ಜೊತೆಗೇ ಅವನನ್ನು ನೋಡಿ ನಗುತ್ತಲೂ ಇದ್ದರು.

ಹೊರೇಸ್ ಎಂಬ ಕವಿಯ ಒಂದು ವಿಡಂಬನೆಯಲ್ಲಿ ಸ್ವತಃ ಪ್ರಿಯಾಪಸ್ಸನೇ ಮಾತನಾಡುತ್ತಾನೆ. ತಾನು ಹಿಂದೆ ಕೆಲಸಕ್ಕೆ ಬಾರದ ಅಂಜೂರದ ಮರದ ದಿಮ್ಮಿಯಾಗಿದ್ದೆನೆಂದೂ, ಇದರಲ್ಲಿ ಬೆಂಚು ಮಾಡಲೋ ದೇವರು ಮಾಡಲೋ ಎಂದು ಬಡಗಿ ಯೋಚಿಸಿ ಕೊನೆಗೆ ದೇವರು ಮಾಡಿದನೆಂದೂ ಹೇಳಿಕೊಳ್ಳುತ್ತಾನೆ. ಜಾಗ ರೋಮಿನ ಎಸ್ಕ್ವಿಲೀನ್ ದಿಣ್ಣೆ. ಬಡವರ ಹೆಣ ಹೂಳುತ್ತಿದ್ದ ಆ ನೆಲವನ್ನು ಮೈಕೇನಸ್ ಎಂಬ ಶ್ರೀಮಂತ ಉದ್ಯಾನವನ್ನಾಗಿ ಮಾಡಿದ್ದ. ರಾತ್ರಿ ಅಲ್ಲಿಗೆ ಇಬ್ಬರು ಮಾಟಗಾತಿಯರು ಬರುತ್ತಾರೆ. ಕಾವಲು ನಿಂತ ದೇವರಿಗೇ ಭಯವಾಗಿ, ಆ ಭಯದಲ್ಲಿ ಅವನಿಂದ ಗಟ್ಟಿಯಾಗಿ ಹೂಸು ಹೊರಟು, ಆ ಸದ್ದಿಗೆ ಮಾಟಗಾತಿಯರು ಕಾಲಿಗೆ ಬುದ್ಧಿ ಹೇಳುತ್ತಾರೆ. ಎರಡು ಸಾವಿರ ವರ್ಷದ ಹಿಂದಿನ ಈ ಹಾಸ್ಯಕ್ಕೆ ಇಂದಿನ ಹೈಸ್ಕೂಲು ಹುಡುಗರೂ ನಗುತ್ತಾರೆ.

ಇಂಥ ಮರದ ಪ್ರಿಯಾಪಸ್ಸರು ರೋಮನ್ ತೋಟಗಳಲ್ಲೆಲ್ಲ ಇದ್ದರು. ಕೈಯಲ್ಲಿ ಕುಡುಗೋಲು, ಹಕ್ಕಿಗಳನ್ನು ಓಡಿಸಲು ತಲೆಯ ಮೇಲೆ ಸಿಕ್ಕಿಸಿದ ಜೊಂಡು, ಮೈಗೆ ಕೆಂಪು ಬಣ್ಣ. ಹೊಲದ ಬೆದರುಗೊಂಬೆ ಮತ್ತು ದೇವರು ಎರಡೂ ಒಬ್ಬನೇ. ಮರದವು ಗೆದ್ದಲಿಗೆ, ಮಳೆಗೆ, ಒಲೆಗೆ ಹೋದವು. ಕಂಚಿನವೂ ಬಹುಪಾಲು ಉಳಿಯಲಿಲ್ಲ. ಕಂಚು ಬೆಲೆಯುಳ್ಳ ಲೋಹ, ಕರಗಿಸಿದರೆ ಪಾತ್ರೆಯೋ ನಾಣ್ಯವೋ ಆಗುತ್ತದೆ. ಮಣ್ಣಿನಲ್ಲಿ ಹೂತು ಮರೆತುಹೋದವು ಮಾತ್ರ ಉಳಿದವು.

ನಗೆಯೇ ರಕ್ಷೆ

ಆ ಅಂಗಕ್ಕೆ ಅಷ್ಟು ಪ್ರಾಮುಖ್ಯ ಏಕೆ ಎಂದು ವಿದ್ಯಾರ್ಥಿಗಳು ಕೇಳಿದರೆ ಉತ್ತರ ಕಷ್ಟವಲ್ಲ. ಬೆಳೆ ಬಂದರೆ ಊಟ, ಇಲ್ಲದಿದ್ದರೆ ಇಲ್ಲ ಎಂಬ ಕಾಲ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ದೊಡ್ಡವರಾಗುವ ಮೊದಲೇ ಸಾಯುತ್ತಿದ್ದರು. ಬೀಜ, ಮೊಳಕೆ, ಹುಟ್ಟು ಇವು ಆ ಜನಕ್ಕೆ ಕಣ್ಣೆದುರಿನ ಪವಾಡ. ಆ ಪವಾಡಕ್ಕೊಂದು ಚಿಹ್ನೆ ಬೇಕಿತ್ತು.

ಇನ್ನೊಂದು ಕಾರಣ ದೃಷ್ಟಿ. ಹೊಟ್ಟೆಕಿಚ್ಚಿನ ಕಣ್ಣು ಬಿದ್ದರೆ ಮಗು ಸೊರಗುತ್ತದೆ, ಹಸು ಹಾಲು ಬಿಡುತ್ತದೆ, ಬೆಳೆ ಒಣಗುತ್ತದೆ ಎಂಬ ನಂಬಿಕೆ ರೋಮನರಲ್ಲೂ ಇತ್ತು. ನೋಡುವವನ ಕಣ್ಣು ಮೊದಲು ಬೇರೆಲ್ಲೋ ನೆಟ್ಟುಕೊಳ್ಳುವಂತೆ ಮಾಡಿದರೆ, ಅವನಿಗೆ ನಗು ಬರಿಸಿದರೆ, ಕೆಟ್ಟ ದೃಷ್ಟಿಯ ವಿಷ ಇಳಿಯುತ್ತದೆ. ಆದ್ದರಿಂದ ವಿಚಿತ್ರವಾದದ್ದು, ನಗೆ ತರಿಸುವಂಥದ್ದು ತೂಗಬೇಕು. ಈ ಆಕಾರದ ತಾಯತಕ್ಕೆ ಲ್ಯಾಟಿನ್ನಿನಲ್ಲಿ ‘ಫಾಸ್ಕಿನಮ್’ ಎಂದು ಹೆಸರು. ಗಂಡುಮಕ್ಕಳಿಗೆ ಕೇಡಾಗದಿರಲೆಂದು ಕೊರಳಿಗೆ ಇಂಥ ತಾಯತ ತೂಗಹಾಕುತ್ತಾರೆ ಎಂದು ವ್ಯಾರೋ ಎಂಬ ಪಂಡಿತ ಬರೆದಿದ್ದಾನೆ. ಕೂಸುಗಳನ್ನಷ್ಟೇ ಅಲ್ಲ, ಗೆದ್ದು ಬರುವ ದಂಡನಾಯಕನನ್ನೂ ಅವನ ರಥದ ಕೆಳಗೆ ತೂಗಾಡುತ್ತ ಅದು ಕಾಯುತ್ತದೆ ಎಂದು ಹಿರಿಯ ಪ್ಲಿನಿ ಬರೆದಿದ್ದಾನೆ. ‘ಫ್ಯಾಸಿನೇಟ್’ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಇದೇ ಮೂಲದಿಂದ. ಇಂದು ಅದನ್ನು ಬಳಸುವ ಎಷ್ಟು ಮರ್ಯಾದಸ್ತರಿಗೆ ಇದು ಗೊತ್ತೋ!

ಪಾಂಪೆಯಲ್ಲಿ ಒಬ್ಬ ರೊಟ್ಟಿಯಂಗಡಿಯವನು ತನ್ನ ಒಲೆಯ ಮೇಲೆ ಇದೇ ಆಕಾರದ ಉಬ್ಬುಚಿತ್ರ ಕೂರಿಸಿ, ಸುಖ ಇಲ್ಲಿ ನೆಲೆಸಿದೆ ಎಂಬರ್ಥದ ಮಾತು ಕೆತ್ತಿಸಿದ್ದ. ಹಿಟ್ಟು ಉಬ್ಬಲಿ, ವ್ಯಾಪಾರ ಹೆಚ್ಚಲಿ ಎಂಬುದಷ್ಟೇ ಪಾಪ ಅವನ ಬಯಕೆಯಾಗಿದ್ದೀತು. ಅದೇ ಊರಿನ ವೆಟ್ಟಿಗಳ ಮನೆಯ ಹೆಬ್ಬಾಗಿಲಲ್ಲಿ ಪ್ರಿಯಾಪಸ್ ತಕ್ಕಡಿ ಹಿಡಿದು ತನ್ನ ಅಂಗವನ್ನು ಹಣದ ಚೀಲದ ಎದುರು ತೂಗುತ್ತಿರುವ ವರ್ಣಚಿತ್ರವಿದೆ. ಕಾಲ ಬಳಿ ಬುಟ್ಟಿ ತುಂಬ ಹಣ್ಣು. ಈ ಮನೆಯ ಯಜಮಾನರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಹಣವಂತರಾದವರು. ನಾಲ್ಕು ಜನರ ಕಣ್ಣು ತಮ್ಮ ಮೇಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೆಬ್ಬಾಗಿಲಲ್ಲೇ ದೇವರನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ.

ಹಾಗೆಂದು ಹಿಂದಿನವರೆಲ್ಲ ಮುಗ್ಧರು, ಮನಸ್ಸು ಕೆಟ್ಟದ್ದು ಈಚಿನವರದ್ದು ಎಂದು ತಿಳಿಯಬೇಕಿಲ್ಲ. ಪ್ರಿಯಾಪಸ್ಸನ ಹೆಸರಿನಲ್ಲಿ ಸುಮಾರು ಎಂಬತ್ತು ಪುಟ್ಟ ಲ್ಯಾಟಿನ್ ಕವಿತೆಗಳ ಒಂದು ಸಂಕಲನವಿದೆ. ತೋಟಕ್ಕೆ ನುಗ್ಗುವ ಕಳ್ಳರಿಗೆ ದೇವರು ಹಾಕುವ ಬೆದರಿಕೆಗಳು ಅದರ ತುಂಬ ಇವೆ. ಅವು ಬರೀ ತಮಾಷೆಯಲ್ಲ, ಹಿಂಸೆಯ ಮಾತು. ಹೆಂಗಸರ ಬಗೆಗಂತೂ ಬಹಳ ಕೀಳಾಗಿ ಆಡಿದ್ದಾರೆ. ಫಲವಂತಿಕೆಯ ದೇವರು ಬಲವಂತದ ದೇವರೂ ಆಗಿದ್ದ. ಎರಡನ್ನೂ ಒಟ್ಟಿಗೆ ನೋಡಿದರೇ ಚಿತ್ರ ಪೂರ್ತಿಯಾಗುವುದು.

ಮುಸುಕು ಯಾಕೆ?

ರಿವೆರಿಯ ಗೊಂಬೆಗೆ ಮರಳೋಣ. ಇಟಲಿಯ ಪ್ರಿಯಾಪಸ್ ಸಾಮಾನ್ಯವಾಗಿ ಬಟ್ಟೆಯನ್ನು ಮುಂದಕ್ಕೆ ಎತ್ತಿ ಹಿಡಿದು, ಅದರ ತುಂಬ ಹಣ್ಣು ಹೇರಿಕೊಂಡು ನಿಂತಿರುತ್ತಾನೆ. ಗಾಲ್ ನಾಡಿನ ಈ ಪ್ರಿಯಾಪಸ್ ಮಾತ್ರ ಊರ ಉಡುಪು ತೊಟ್ಟಿದ್ದಾನೆ. ಮುಸುಕಿನ ಈ ನಿಲುವಂಗಿಗೆ ‘ಕುಕುಲ್ಲಸ್’ ಎಂದು ಹೆಸರು. ಗಾಲ್ ಜನರ ಉಣ್ಣೆಯ ನಿಲುವಂಗಿ ರೋಮ್ ನಗರದವರೆಗೂ ಹೆಸರಾಗಿತ್ತು. ಗಾಲ್ ಮತ್ತು ಬ್ರಿಟನ್ನಿನಲ್ಲಿ ಇಂಥ ಮುಸುಕು ಹೊದ್ದ ಪುಟ್ಟ ದೇವತೆಗಳ ಪೂಜೆಯೂ ಇತ್ತು. ಇಂಗ್ಲೆಂಡಿನ ಉತ್ತರ ತುದಿಯಲ್ಲಿ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಗೋಡೆಯ ಬಳಿಯ ಕೋಟೆಯೊಂದರಲ್ಲಿ, ಮುಸುಕು ಹೊದ್ದು ಸಾಲಾಗಿ ನಿಂತ ಮೂವರು ದೇವತೆಗಳ ಕಲ್ಲಿನ ಶಿಲ್ಪ ಸಿಕ್ಕಿದೆ. ಗೆದ್ದವರ ದೇವರು ಸೋತವರ ಕಂಬಳಿ ಹೊದ್ದ. ಹಾಗೆ ಹೊದ್ದದ್ದರಿಂದಲೇ ಅವನು ಊರಿನವನಾದ.

ಮಾಡಿದವನ ಕೈಚಳಕವನ್ನೂ ನೆನೆಯಬೇಕು. ಇಂಥ ಸಣ್ಣ ಕಂಚಿನ ಗೊಂಬೆಗಳನ್ನು ರೋಮನರು ಎರಕ ಹೊಯ್ಯುತ್ತಿದ್ದುದು ಮೇಣದ ಅಚ್ಚಿನ ವಿಧಾನದಲ್ಲಿ. ನಮ್ಮ ಶಿಲ್ಪಿಗಳು ಮಧೂಚ್ಛಿಷ್ಟ ವಿಧಾನ ಎನ್ನುವುದು ಇದನ್ನೇ. ಮೇಣದಲ್ಲಿ ಗೊಂಬೆ ಮಾಡಿ, ಸುತ್ತ ಜೇಡಿಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿಬಿಡುತ್ತಾರೆ. ಉಳಿದ ಟೊಳ್ಳಿಗೆ ಕರಗಿದ ಕಂಚು ಹೊಯ್ಯುತ್ತಾರೆ. ಒಂದು ಗೊಂಬೆಯಾದರೆ ಇಷ್ಟೇ ಕೆಲಸ. ಒಂದರೊಳಗೆ ಒಂದು ಕೂರಬೇಕಾದರೆ ಮೇಲಿನದು ಟೊಳ್ಳಾಗಿರಬೇಕು, ಅಂಚು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗದೆ ಹೊಂದಬೇಕು, ಮುಚ್ಚಿದಾಗ ಒಳಗೆ ಏನೋ ಇದೆ ಎಂಬ ಸುಳಿವು ಸಿಗಬಾರದು. ಇಷ್ಟು ಶ್ರಮಪಟ್ಟವನು ನಾಚಿಕೆಗಾಗಿ ಮುಚ್ಚಿದವನಲ್ಲ. ತೆರೆಯಲೆಂದೇ ಮುಚ್ಚಿದವನು. ಕಾಣದಂತಿದ್ದದ್ದು ಥಟ್ಟನೆ ಕಂಡಾಗ ಹುಟ್ಟುವ ನಗು ಅವನಿಗೆ ಬೇಕಿತ್ತು. ನಗು ಬಂದಲ್ಲಿ ದೃಷ್ಟಿ ತಾಗುವುದಿಲ್ಲವಲ್ಲ.

ದೊರೆಯ ಬೀಗ

ಕ್ರೈಸ್ತಮತ ರಾಜಧರ್ಮವಾಗಿ ಹಳೆಯ ದೇವರುಗಳ ಪೂಜೆ ನಿಂತ ಮೇಲೆ ಪ್ರಿಯಾಪಸ್ ಮಣ್ಣು ಸೇರಿದ. 18ನೇ ಶತಮಾನದಲ್ಲಿ, ವೆಸೂವಿಯಸ್ ಅಗ್ನಿಪರ್ವತ ಕ್ರಿ.ಶ. 79ರಲ್ಲಿ ಹೂತುಹಾಕಿದ್ದ ಹರ್ಕ್ಯುಲೇನಿಯಮ್ ಮತ್ತು ಪಾಂಪೆ ಪಟ್ಟಣಗಳನ್ನು ಅಗೆಯತೊಡಗಿದಾಗ ಅವನು ನೂರಾರು ರೂಪದಲ್ಲಿ ಮೇಲೆದ್ದು ಬಂದ. ದೀಪ, ಗಂಟೆ, ತಾಯತ, ಅಂಗಡಿಯ ಫಲಕ, ಎಲ್ಲದರಲ್ಲೂ ಅದೇ ಆಕಾರ. ಗ್ರೀಕ್ ರೋಮನ್ ನಾಗರಿಕತೆಯೆಂದರೆ ಬಿಳಿಯ ಅಮೃತಶಿಲೆ, ಗಂಭೀರ ಮುಖ, ಉನ್ನತ ವಿಚಾರ ಎಂದುಕೊಂಡಿದ್ದ ಯೂರೋಪಿನ ಪಂಡಿತರು ದಿಕ್ಕೆಟ್ಟರು.

1786ರಲ್ಲಿ ರಿಚರ್ಡ್ ಪೇನ್ ನೈಟ್ ಎಂಬ ಇಂಗ್ಲಿಷ್ ಸಿರಿವಂತ ಪ್ರಿಯಾಪಸ್ ಪೂಜೆಯನ್ನು ಕುರಿತು ಒಂದು ಪುಸ್ತಕ ತಂದ. ಸೃಷ್ಟಿಶಕ್ತಿಯನ್ನು ಪೂಜಿಸುವುದು ಎಲ್ಲ ಹಳೆಯ ಧರ್ಮಗಳ ಬೇರಿನಲ್ಲಿದೆ ಎಂಬುದು ಅವನ ವಾದ. ಭಾರತದ ಲಿಂಗಪೂಜೆಯನ್ನೂ ಅದರಲ್ಲಿ ಸೇರಿಸಿದ್ದ. ಪುಸ್ತಕದ ಮೊದಲಿಗೆ ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ನನ 1781ರ ಪತ್ರವಿದೆ. ಇಟಲಿಯ ಇಸೆರ್ನಿಯಾ ಎಂಬ ಊರಿನ ಕ್ರೈಸ್ತ ಸಂತರ ಜಾತ್ರೆಯಲ್ಲಿ ಹೆಂಗಸರು ಇದೇ ಆಕಾರದ ಮೇಣದ ಹರಕೆಗಳನ್ನು ಒಪ್ಪಿಸುತ್ತಾರೆ ಎಂಬುದೇ ಆ ಪತ್ರದ ಸುದ್ದಿ. ಪುಸ್ತಕಕ್ಕೆ ಎಂಥ ಬೈಗುಳ ಬಿತ್ತೆಂದರೆ, ಪೇನ್ ನೈಟ್ ಹಂಚಿದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಓಡಾಡಬೇಕಾಯಿತು. ಅವನ ಕಂಚಿನ ಗೊಂಬೆಗಳ ಸಂಗ್ರಹ 1824ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಬೀಗದ ಕಥೆ ನೇಪಲ್ಸಿನದು. 1819ರಲ್ಲಿ ಅಲ್ಲಿನ ಯುವರಾಜ, ಮುಂದೆ ಒಂದನೆಯ ಫ್ರಾನ್ಸಿಸ್ ಎಂದು ಪಟ್ಟವೇರಿದವನು, ಹೆಂಡತಿ ಮಗಳೊಡನೆ ವಸ್ತುಸಂಗ್ರಹಾಲಯ ನೋಡಲು ಬಂದ. ಪಾಂಪೆಯ ವಸ್ತುಗಳನ್ನು ಕಂಡು ಕಸಿವಿಸಿಯಾಯಿತು. ಇಂಥವನ್ನೆಲ್ಲ ಒಂದು ಕೋಣೆಗೆ ಹಾಕಿ ಬೀಗ ಹಾಕಿರಿ, ವಯಸ್ಸಾದ, ನಡತೆ ಚೆನ್ನಾಗಿರುವ ಗೌರವಸ್ಥರಿಗೆ ಮಾತ್ರ ತೋರಿಸಿ ಎಂದು ಅಪ್ಪಣೆಯಾಯಿತು. ಹೆಂಗಸರಿಗೆ, ಮಕ್ಕಳಿಗೆ, ಬಡವರಿಗೆ ಪ್ರವೇಶವಿಲ್ಲ ಎಂಬುದು ಇದರ ಅರ್ಥ. ಗುಪ್ತ ಕೋಣೆ ಎಂದೇ ಅದಕ್ಕೆ ಹೆಸರಾಯಿತು. 19ನೇ ಶತಮಾನದ ನಡುವಿನಲ್ಲಿ ಬಾಗಿಲಿಗೆ ಇಟ್ಟಿಗೆಯ ಗೋಡೆಯನ್ನೇ ಎಬ್ಬಿಸಿದರು. 1860ರಲ್ಲಿ ಇಟಲಿಯ ಏಕೀಕರಣದ ವೀರ ಗ್ಯಾರಿಬಾಲ್ಡಿ ನೇಪಲ್ಸಿಗೆ ಬಂದವನೇ ಅದನ್ನು ತೆರೆಸಿದ. ಮತ್ತೆ ಮುಚ್ಚಿತು, ಅರೆ ತೆರೆಯಿತು, ಮತ್ತೆ ಮುಚ್ಚಿತು. ಲಂಡನ್ನಿನಲ್ಲೂ ಇದೇ ಕಥೆ. 1865ರಲ್ಲಿ ಜಾರ್ಜ್ ವಿಟ್ ಎಂಬ ವೈದ್ಯ ಇಂಥ ನೂರಾರು ವಸ್ತುಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ. ಅವನ್ನು ಬೇರೆಯಾಗಿಡಲು ಅಲ್ಲೂ ಒಂದು ಗುಪ್ತ ವಿಭಾಗ ಹುಟ್ಟಿತು. 1894–95ರಲ್ಲಿ ಅಗೆದು ತೆಗೆದ ವೆಟ್ಟಿಗಳ ಮನೆಯಲ್ಲಿ ಚಿತ್ರ ಗೋಡೆಯ ಮೇಲಿತ್ತು, ಎತ್ತಿಕೊಂಡು ಹೋಗುವಂತಿರಲಿಲ್ಲ. ಅದಕ್ಕೇ ಒಂದು ಬಾಗಿಲು ಕೂರಿಸಿ ಬೀಗ ಹಾಕಿದ್ದರು.

ಇದರಿಂದ ಆದ ನಷ್ಟ ಲಜ್ಜೆಯ ಲೆಕ್ಕದ್ದಲ್ಲ, ತಿಳಿವಳಿಕೆಯ ಲೆಕ್ಕದ್ದು. ರೊಟ್ಟಿಯಂಗಡಿಯ ಫಲಕ ಒಲೆಯ ಮೇಲಿದ್ದಾಗ ಬಡವನೊಬ್ಬನ ಆಸೆಯನ್ನು ಹೇಳುತ್ತಿತ್ತು. ಮಗುವಿನ ತಾಯತ ತಾಯಿಯೊಬ್ಬಳ ಹೆದರಿಕೆಯನ್ನು ಹೇಳುತ್ತಿತ್ತು. ತೋಟದ ಗೊಂಬೆ, ಮನೆಯ ದೀಪ, ದೇಗುಲದ ಹರಕೆ, ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಕೆಲಸ ಇತ್ತು. ಎಲ್ಲವನ್ನೂ ಎತ್ತಿ ತಂದು ‘ಅಶ್ಲೀಲ’ ಎಂಬ ಒಂದೇ ಚೀಟಿ ಅಂಟಿಸಿ ಕತ್ತಲೆ ಕೋಣೆಗೆ ತುಂಬಿದಾಗ ಆ ಭೇದಗಳೆಲ್ಲ ಅಳಿಸಿದವು. ಕೋಣೆಗೆ ಬೀಗ ಬಿದ್ದದ್ದರಿಂದಲೇ ಒಳಗಿನದೆಲ್ಲ ಇನ್ನಷ್ಟು ಅಶ್ಲೀಲವಾಗಿ ಕಂಡಿತು. ಬೇಲಿಯಾಚೆಯ ಮಾವಿನಕಾಯಿಯ ಮೇಲೆ ಕಣ್ಣು ಜಾಸ್ತಿ ಎಂಬುದು ಮಕ್ಕಳಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಬಚ್ಚಿಡುವುದರ ಬೆಲೆ

ಪ್ರಿಯಾಪಸ್ಸನ ಹೆಸರು ಇಂದಿಗೂ ದಿನಬಳಕೆಯಲ್ಲಿರುವುದು ಆಸ್ಪತ್ರೆಗಳಲ್ಲಿ. ‘ಪ್ರಿಯಾಪಿಸಂ’ ಎಂಬುದು ಒಂದು ಕಾಯಿಲೆ. ಜನನಾಂಗಕ್ಕೆ ನುಗ್ಗಿದ ರಕ್ತ ಹಿಂದಿರುಗದೆ ಅಲ್ಲೇ ನಿಂತು, ಯಾವ ಬಯಕೆಯೂ ಇಲ್ಲದೆ, ಗಂಟೆಗಟ್ಟಲೆ ನೋವಿನಿಂದ ಸೆಟೆದುಕೊಂಡಿರುತ್ತದೆ. ಹುಡುಗರಲ್ಲಿ ಇದಕ್ಕೆ ಮುಖ್ಯ ಕಾರಣ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆ. ಈ ಆನುವಂಶಿಕ ರೋಗದಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಈ ರೋಗವಿದೆ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಈ ಸ್ಥಿತಿ ಇದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ. ತಡವಾದಷ್ಟೂ ಒಳಗಿನ ಅಂಗಾಂಶ ಸಾಯುತ್ತದೆ, ಹಾನಿ ಶಾಶ್ವತವಾಗುತ್ತದೆ. ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗ ನಡುರಾತ್ರಿ ಇಂಥ ನೋವನ್ನು ಅಪ್ಪನಿಗೆ ಹೇಳುತ್ತಾನೆಯೇ? ಹಾಸ್ಟೆಲಿನಲ್ಲಿದ್ದರೆ ವಾರ್ಡನ್ನನ್ನು ಎಬ್ಬಿಸುತ್ತಾನೆಯೇ? ಬೆಳಗಾಗಲಿ ಎಂದು ಹಲ್ಲು ಕಚ್ಚಿ ಮಲಗುವುದೇ ಹೆಚ್ಚು. ಆ ಅಂಗಕ್ಕೂ ಒಂದು ಹೆಸರಿದೆ, ಅದರ ನೋವನ್ನೂ ಹೊಟ್ಟೆನೋವಿನಷ್ಟೇ ಸರಳವಾಗಿ ಹೇಳಬಹುದು ಎಂದು ಮನೆಯಲ್ಲಿ ಮೊದಲೇ ಗೊತ್ತಾಗಿದ್ದರೆ ಆ ಹುಡುಗನಿಗೆ ನಾಲ್ಕೈದು ಗಂಟೆ ಉಳಿಯುತ್ತದೆ.

ಗುಪ್ತ ಕೋಣೆಯ ಭಾರತೀಯಳು

ನೇಪಲ್ಸಿನ ಗುಪ್ತ ಕೋಣೆ ಸಾರ್ವಜನಿಕರಿಗೆ ಸರಿಯಾಗಿ ತೆರೆದದ್ದು 2000ದಲ್ಲಿ. ಮಕ್ಕಳು ದೊಡ್ಡವರ ಜೊತೆಯಲ್ಲಿ ಬಂದರೆ ಒಳಗೆ ಬಿಡುತ್ತಾರೆ. ದೊರೆಯ ಕೈಯಲ್ಲಿದ್ದ ಬೀಗದ ಕೈ ಹೀಗೆ ತಂದೆತಾಯಿಗಳ ಕೈಗೆ ಬಂತು. ವೆಟ್ಟಿಗಳ ಮನೆಯೂ ದೀರ್ಘಕಾಲದ ದುರಸ್ತಿ ಮುಗಿಸಿ 2023ರ ಜನವರಿಯಲ್ಲಿ ಬಾಗಿಲು ತೆರೆದಿದೆ. ಪ್ರಿಯಾಪಸ್ ತಕ್ಕಡಿ ಹಿಡಿದು ಅಲ್ಲೇ ನಿಂತಿದ್ದಾನೆ.

ಆ ಗುಪ್ತ ಕೋಣೆಯಲ್ಲಿ ಪ್ರಿಯಾಪಸ್ಸರ ಬಳಗದ ನಡುವೆ ಒಬ್ಬಳು ಭಾರತೀಯ ಹೆಣ್ಣೂ ಇದ್ದಾಳೆ. ದಂತದಲ್ಲಿ ಕೆತ್ತಿದ, ಸುಮಾರು ಒಂದು ಗೇಣು ಎತ್ತರದ ಮೂರ್ತಿ. ಮೈಮೇಲೆ ಬಟ್ಟೆ ಕಡಿಮೆ, ಒಡವೆ ಹೆಚ್ಚು. ಕೊರಳಲ್ಲಿ ಹಾರ, ಕೈತುಂಬ ಬಳೆ, ಕಾಲಿಗೆ ಕಡಗ, ಸೊಂಟಕ್ಕೆ ಡಾಬು. ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಪುಟ್ಟ ಸೇವಕಿ. 1938ರಲ್ಲಿ ಪಾಂಪೆಯ ಮನೆಯೊಂದರಲ್ಲಿ ಸಿಕ್ಕಳು. ಮೊದಲು ಲಕ್ಷ್ಮಿ ಎಂದರು, ಆಮೇಲೆ ಯಕ್ಷಿ ಇರಬೇಕು ಎಂದರು. ಎರಡೂ ಸಮೃದ್ಧಿಯ, ಫಲವಂತಿಕೆಯ ದೇವತೆಗಳೇ. ಇಂಥದೇ ದಂತದ ಮೂರ್ತಿ ಮಹಾರಾಷ್ಟ್ರದ ಭೋಕರ್ದನ್‌ನಲ್ಲಿ ಸಿಕ್ಕಿರುವುದರಿಂದ ಅವಳ ತವರು ಶಾತವಾಹನರ ದಖ್ಖನ್ ಇರಬಹುದು ಎಂದು ಹಲವು ವಿದ್ವಾಂಸರ ಊಹೆ. ಮೆಣಸು, ಹತ್ತಿಬಟ್ಟೆ, ದಂತ ಹೇರಿಕೊಂಡ ಹಡಗುಗಳು ಪಶ್ಚಿಮಕ್ಕೆ ಹೋಗುತ್ತಿದ್ದ ಕಾಲ ಅದು. ಬೆಲೆಯಾಗಿ ಬಂದ ರೋಮನ್ ಬೆಳ್ಳಿ ನಮ್ಮ ನೆಲದಲ್ಲೂ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ನಾಣ್ಯ ಸಿಕ್ಕಿತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು.

ತವರಿನಲ್ಲಿ ಇಂಥ ಯಕ್ಷಿಯರು ಸ್ತೂಪಗಳ ತೋರಣದಲ್ಲಿ, ಗುಹಾಲಯಗಳ ಮುಖಮಂಟಪದಲ್ಲಿ, ಹಾಡಹಗಲ ಬೆಳಕಿನಲ್ಲಿ ನಿಂತಿದ್ದವರು. ಪಾಂಪೆಯ ಮನೆಯಲ್ಲೂ ಅವಳು ಎಲ್ಲರ ಕಣ್ಣೆದುರಿನ ಪೀಠೋಪಕರಣವೊಂದರ ಭಾಗವಾಗಿದ್ದಳೆಂದು ತೋರುತ್ತದೆ. ಏನನ್ನೋ ಸಿಕ್ಕಿಸಲು ನೆತ್ತಿಯಲ್ಲಿ ಕೊರೆದ ರಂಧ್ರವಿದೆ. ಗುಪ್ತ ಕೋಣೆಗೆ ಬಂದದ್ದು ಆಮೇಲೆ. ಅವಳ ಪೀಠದಲ್ಲಿ ಖರೋಷ್ಠಿ ಲಿಪಿಯ ಒಂದೇ ಒಂದು ಅಕ್ಷರ ಕೊರೆದಿದೆ. ಬಡಗಿ ಬಾಗಿಲಿನ ಹಲಗೆಗಳಿಗೆ ಗುರುತು ಹಾಕುವಂತೆ, ಯಾವ ತುಂಡು ಎಲ್ಲಿ ಕೂರಬೇಕೆಂದು ಕುಶಲಕರ್ಮಿ ತನ್ನ ನೆನಪಿಗೆ ಹಾಕಿಕೊಂಡ ಗುರುತು.